ಅಣ್ಣನ ಅಂಗಿ

ನನ್ನ ಮೊದಲ ಚಿತ್ರ ಪ್ರದರ್ಶನ ನಿನ್ನೆ ಮುಗಿಯಿತು. 22 ಚಿತ್ರ, ಎಲ್ಲದರಲ್ಲೂ ಒಂದೇ ಅಂಗಿ. ಬಂದು ನೋಡಿದವರಿಗೆಲ್ಲ ಥ್ಯಾಂಕ್ಸ್.

ಅಣ್ಣ ಹೋಗಿ ಎರಡು ವರ್ಷವಾಯಿತು. ಅವನ ಬೂದು ಅಂಗಿ ಹಾಕಿಕೊಂಡೇ ದಿನಾ ಚಿತ್ರ ಬರೆಯಲು ಕೂರುತ್ತಿದ್ದೆ. ಭುಜ ಜೋಲುತ್ತಿತ್ತು, ತೋಳನ್ನು ನಾಲ್ಕು ಸಲ ಮಡಚಬೇಕಿತ್ತು. ಮೇಲಿಂದ ಎರಡನೇ ಗುಂಡಿ ಇರಲಿಲ್ಲ, ಬರೀ ದಾರದ ತುಂಡು. ಅವನ ಮುಖ ಬರೆಯೋಣ ಅಂದರೆ ಕೈ ಏಳುತ್ತಿರಲಿಲ್ಲ. ಒಂದು ದಿನ ಸುಮ್ನೆ ಆ ದಾರವನ್ನೇ ಬರೆದೆ. ಆಮೇಲೆ ಕಾಲರಿನ ಒಳಗಿನ ಕೊಳೆಯ ಗೆರೆ. ಹಾಗೆ ಶುರುವಾಗಿದ್ದು.

"ಅದನ್ನ ಯಾಕೆ ಇನ್ನೂ ಹಾಕ್ಕೋತೀಯಾ?" ಅಂತ ಕೇಳಿದವರೇ ಜಾಸ್ತಿ. ಕೇಳದೆ ಬಿಟ್ಟವರು ಮೂರ್ನಾಲ್ಕು ಜನ. ಈ ಬರಹ ಮುಖ್ಯವಾಗಿ ಅವರಿಗೆ.

ಮೊದಲು ನನ್ನ ಗುರುಗಳಿಗೆ. ಅವರು ಸಮಾಧಾನ ಹೇಳಲಿಲ್ಲ, ಮೆಕ್ಸಿಕೋದ ಚಿತ್ರ ಕಲಾವಿದೆ ಫ್ರೀಡಾ ಕಾಹ್ಲೋ ಕತೆ ಹೇಳಿದರು. 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದ ಆಕೆ, ಮಲಗಿದಲ್ಲೇ ಕನ್ನಡಿ ನೋಡಿಕೊಂಡು ತನ್ನ ಚಿತ್ರ ಬರೆದಳು. ಮೈಗೆ ಬಿಗಿದ ಪ್ಲಾಸ್ಟರ್ ಕವಚವನ್ನೂ ಬಿಡಲಿಲ್ಲ, ಅದರ ಮೇಲೂ ಬಣ್ಣ. ಪೋಲಿಯೊದಿಂದ ಸಣಕಲಾದ ಕಾಲನ್ನು ಉದ್ದ ಲಂಗ ಮುಚ್ಚುತ್ತಿತ್ತು. 1953ರಲ್ಲಿ ಆ ಕಾಲನ್ನೇ ಕತ್ತರಿಸಿದರು. ಕೃತಕ ಕಾಲಿಗೆ ಕೆಂಪು ಬೂಟು ತೊಡಿಸಿದಳು! ಬಟ್ಟೆಯಲ್ಲಿ ಮುಚ್ಚಿಟ್ಟಿದ್ದನ್ನೆಲ್ಲ ಕ್ಯಾನ್ವಾಸಿನಲ್ಲಿ ಬಿಚ್ಚಿಟ್ಟವಳು.

ಎಷ್ಟು ದಿನವಾದರೂ ಮುಗೀತಿಲ್ಲ ಅಂತ ನಾನು ಗೋಳಾಡಿದಾಗ ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ ಬಗ್ಗೆ ಹೇಳಿದರು. ಮಗ 1914ರಲ್ಲಿ ಯುದ್ಧದಲ್ಲಿ ಸತ್ತ. ಅವನಿಗಾಗಿ ಮಾಡಿದ ಶಿಲ್ಪ ಸ್ಮಶಾನದಲ್ಲಿ ನಿಂತಿದ್ದು 1932ರಲ್ಲಿ. ಮಂಡಿಯೂರಿದ ಅಪ್ಪ, ಅಮ್ಮ. ಇಬ್ಬರದೂ ಬೇರೆ ಬೇರೆ ಕಲ್ಲು. ಅಪ್ಪ ತನ್ನನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡಿದ್ದಾನೆ. 18 ವರ್ಷ! ನನ್ನ ಎರಡು ವರ್ಷ ಯಾವ ಲೆಕ್ಕ, ಅಲ್ವಾ?

(ನೋವಿದ್ದರೇನೇ ಒಳ್ಳೇ ಕಲೆ ಬರೋದು ಅನ್ನುವವರಿಗೆ ಒಂದು ಮಾತು: ಮೊದಲ ಆರು ತಿಂಗಳು ನನ್ನ ಕೈಯಿಂದ ಒಂದು ಗೆರೆಯೂ ಬರಲಿಲ್ಲ.)

ರಾತ್ರಿಯೆಲ್ಲ ಕೂತು ಫ್ರೇಮ್ ಹಾಕಿಕೊಟ್ಟ ಗೆಳೆಯನಿಗೆ ಥ್ಯಾಂಕ್ಸ್. ಒಂದು ಚಿತ್ರವನ್ನು ತಲೆಕೆಳಗು ಮಾಡಿ ನೇತುಹಾಕಿದ್ದ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ, ನನಗೂ.

ಕೊನೆಗೆ, ಆ ಅಂಗಿ ಕೊಟ್ಟ ಅತ್ತಿಗೆಗೆ. ಅವರು ಬರುತ್ತಾರೆ ಅಂದುಕೊಂಡೇ ಇರಲಿಲ್ಲ. ಬಂದರು. ಕಾಲರಿನ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. "ಎಷ್ಟು ಉಜ್ಜಿದ್ರೂ ಹೋಗ್ತಾ ಇರ್ಲಿಲ್ಲ ಇದು" ಅಂದರು. ಇಬ್ಬರಿಗೂ ನಗು ಬಂತು. ಆ ಚಿತ್ರ ಈಗ ಅವರ ಮನೆಯಲ್ಲಿದೆ.