ಸ್ಟಾರ್ ಕೊಡುವ ಮೊದಲು ಕಿವಿಯನ್ನೂ ಒಂದು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ದುಬಾರಿ ಇಯರ್‌ಫೋನ್‌ಗಳ ಬಗ್ಗೆ ಬಂದ ಲೇಖನ ಎರಡು ಸಲ ಓದಿದೆ. ಕನ್ನಡ ಪತ್ರಿಕೆಯಲ್ಲಿ ಈ ವಿಷಯಕ್ಕೆ ಅರ್ಧ ಪುಟ ಸಿಕ್ಕಿದ್ದೇ ಖುಷಿ. ಕಿವಿಯೊಳಗೆ ತೂರಿಸಿಕೊಳ್ಳುವ, ವೈರ್ ಇರುವ, ಲಕ್ಷ ರೂಪಾಯಿ ಆಸುಪಾಸಿನ ಸೆಟ್‌ಗಳನ್ನು ಹೋಲಿಸಿದ್ದರು. ಬೆಲೆ, ಡ್ರೈವರ್ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಎಷ್ಟು, ಬಾಸ್ ಹೇಗೆ, ಸ್ಟಾರ್ ಎಷ್ಟು, ಎಲ್ಲ ಇತ್ತು. ಆರಾಮದ ಬಗ್ಗೆ ಮಾತ್ರ ಪ್ರತಿಯೊಂದರ ಕೆಳಗೂ ಅದೇ ಒಂದು ಸಾಲು: "ಧರಿಸಲು ಆರಾಮದಾಯಕ." ಯಾರ ಕಿವಿಗೆ? ಎಷ್ಟು ಹೊತ್ತು? ಅದನ್ನು ಕೇಳೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕುವುದಿದ್ದರೆ ಹಾಕಿ.

ನಾನು ಇದರಲ್ಲಿ ಕೈ ಸುಟ್ಟುಕೊಂಡವನು. ಎರಡು ವರ್ಷದ ಹಿಂದೆ ಇಂಥದೇ ಒಂದು ಹೋಲಿಕೆ ಓದಿ, ಐದಕ್ಕೆ ಐದು ಸ್ಟಾರ್ ಬಂದಿದ್ದ ಸೆಟ್ಟೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಹೆಸರು ಬೇಡ, ಅದರ ತಪ್ಪೇನೂ ಇರಲಿಲ್ಲ. ಹತ್ತು ನಿಮಿಷ ಕೇಳಿ, ಹೆಂಡತಿಯನ್ನು ಕರೆದು ಅವಳ ಕಿವಿಗೂ ಹಾಕಿದೆ. "ಛಲೋ ಐತ್ರಿ. ರೊಕ್ಕ ಎಷ್ಟು?" ಅಂದಳು. ನಾನು ಅರ್ಧಕ್ಕರ್ಧ ಕಡಿಮೆ ಹೇಳಿದೆ. ಅದೇ ವಾರ ಧಾರವಾಡದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಹುಬ್ಬಳ್ಳಿ ದಾಟುವವರೆಗೆ ಮಜವಾಗಿತ್ತು. ಹಾವೇರಿ ಹತ್ತಿರ ಎಡಗಿವಿಯ ಬಟ್ಟಲಲ್ಲಿ, ಮೇಲಿನ ಮಡಿಕೆಯ ಕೆಳಗೆ, ಏನೋ ಒತ್ತುತ್ತಿದೆ ಅನ್ನಿಸಿತು. ತೆಗೆದು ಮತ್ತೆ ಹಾಕಿದೆ. ತಿರುಗಿಸಿ ಹಾಕಿದೆ. ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಹಾಡು ಹಿಂದಕ್ಕೆ ಹೋಗಿ ನೋವೊಂದೇ ಕೇಳಿಸುತ್ತಿತ್ತು. ದಾವಣಗೆರೆಯಲ್ಲಿ ಕಳಚಿ ಜೇಬಿಗೆ ಹಾಕಿಕೊಂಡು, ಅಲ್ಲಿಂದ ಮೆಜೆಸ್ಟಿಕ್‌ವರೆಗೂ ಪಕ್ಕದ ಬರ್ತ್‌ನವರ ಗೊರಕೆ ಕೇಳಿದೆ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಕಿವಿಯೊಳಗೆ ಕಡಲೆಕಾಳಿನಷ್ಟು ಅಗಲದ ಕೆಂಪು ಕಲೆ. ಇಯರ್‌ಫೋನಿನ ಮೈಯಲ್ಲಿ ಒಂದು ಚೂಪು ಮೂಲೆ ಇತ್ತು, ಆ ಮೂಲೆ ಕೂರುವ ಜಾಗದಲ್ಲಿ ನನ್ನ ಕಿವಿಯಲ್ಲಿ ಮೃದು ಎಲುಬು ಇತ್ತು. ಅಷ್ಟೇ ಕಥೆ. ಐದು ಸ್ಟಾರ್ ಕೊಟ್ಟವರ ಕಿವಿಯಲ್ಲಿ ಅಲ್ಲಿ ಜಾಗ ಇತ್ತೇನೋ.

"ಆರಾಮ ಬೇರೆ, ಸೌಂಡ್ ಬೇರೆ, ಹಾಗಾಗಿ ಎರಡು ಕಾಲಂ" ಅಂತ ಲೇಖಕರು ಅಂದುಕೊಂಡಿರಬಹುದು. ನನ್ನ ತಕರಾರು ಇರುವುದೇ ಇಲ್ಲಿ. ಸ್ಪೀಕರಿಗೂ ತಲೆಯ ಮೇಲೆ ಹಾಕುವ ದೊಡ್ಡ ಹೆಡ್‌ಫೋನಿಗೂ ಆ ಮಾತು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಕಿವಿಯೊಳಗಿನದ್ದಕ್ಕೆ ನಡೆಯುವುದಿಲ್ಲ. ಅದು ಕೂರುವ ರೀತಿಯೇ ಅದರ ಸೌಂಡ್.

ನಂಬಿಕೆ ಬರದಿದ್ದರೆ ಯಾವುದಾದರೂ ಹಿಂದೂಸ್ತಾನಿ ಗಾಯನ ಹಾಕಿ, ವಿಲಂಬಿತ್, ಅಂದರೆ ನಿಧಾನ ಲಯದ್ದು ಆದರೆ ಒಳ್ಳೆಯದು, ತಬಲಾ ಜೋಡಿಯ ಡಗ್ಗಾದ ಗುಮಕಿ ಬರುವ ಕಡೆ ಇಯರ್‌ಫೋನನ್ನು ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ ಹಿಡಿಯಿರಿ. ಆಮೇಲೆ ಬಿಡಿ. ಒತ್ತಿದಾಗ ಡಗ್ಗಾ ಹೊಟ್ಟೆಯಿಂದ ಬರುತ್ತದೆ. ಬಿಟ್ಟಾಗ ಯಾರೋ ಬೆಂಕಿಪೊಟ್ಟಣ ಬಾರಿಸಿದ ಹಾಗೆ. ಡ್ರೈವರ್‌ಗೂ ಕಿವಿತಮಟೆಗೂ ನಡುವೆ ಇರುವುದು ಚೂರೇ ಚೂರು ಗಾಳಿ. ಆ ಗಾಳಿ ಮುಚ್ಚಿಕೊಂಡಿದ್ದರೆ ಮಾತ್ರ ಅಷ್ಟು ಚಿಕ್ಕ ಡ್ರೈವರ್ ತಗ್ಗಿನ ಸ್ವರವನ್ನು ತಳ್ಳಬಲ್ಲದು. ಕೂದಲೆಳೆಯಷ್ಟು ಸಂದಿ ಇದ್ದರೂ ಮೊದಲು ಸೋರುವುದು ಬಾಸ್. ಆಮೇಲೆ ನಾವು "ಈ ಸೆಟ್ಟಿಗೆ ಬಾಸ್ ಇಲ್ಲ, ಸ್ವಲ್ಪ ಚುಚ್ಚುತ್ತದೆ" ಅಂತ ಬರೆದುಬಿಡುತ್ತೇವೆ. ನನಗೆ ಎಡಕ್ಕೆ ಮೀಡಿಯಂ ಟಿಪ್ (ಮೂತಿಗೆ ಹಾಕುವ ರಬ್ಬರ್ ಟೋಪಿ) ಬೇಕು, ಬಲಕ್ಕೆ ಸ್ಮಾಲ್. ಇದು ಗೊತ್ತಾಗಲು ನನಗೆ ನಾಲ್ಕು ವರ್ಷ ಹಿಡಿಯಿತು, ಯಾಕಂದರೆ ಎರಡು ಕಿವಿಯೂ ಒಂದೇ ಅಳತೆ ಇರುತ್ತದೆ ಅಂತ ಸುಮ್ನೆ ಅಂದುಕೊಂಡಿದ್ದೆ. ಅಲ್ಲಿಯವರೆಗೆ ಗಾಯಕರೆಲ್ಲ ಸ್ವಲ್ಪ ಎಡಕ್ಕೇ ಕೂತು ಹಾಡುತ್ತಿದ್ದರು.

ಮೇಲಿನ ಸ್ವರಗಳ ಕಡೆಯದು ಇನ್ನೂ ಮೋಜು. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ತುದಿ ತಮಟೆಯಿಂದ ಮುಚ್ಚಿದ್ದು. ಹಾಗಾಗಿ ಅದು ತೆರೆದಿರುವಾಗ 3,000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ತಾನೇ ಎತ್ತಿ ಕೊಡುತ್ತದೆ, ಪೀಪಿ ಊದಿದ ಹಾಗೆ. ಟಿಪ್ ತೂರಿಸಿದ ಕೂಡಲೇ ಈ ಸಹಾಯ ನಿಂತುಹೋಗುತ್ತದೆ, ಅದಕ್ಕೇ ತಯಾರಿಸುವವರು ಆ ಎತ್ತರವನ್ನು ಇಯರ್‌ಫೋನಿನಲ್ಲೇ ಸೇರಿಸಬೇಕಾಗುತ್ತದೆ. ಟಿಪ್ಪಿನಿಂದ ತಮಟೆಯವರೆಗೆ ಉಳಿದ ಗಾಳಿ ಇನ್ನೊಂದು ಶಿಖರ ಎಬ್ಬಿಸುತ್ತದೆ, ಹೆಚ್ಚಾಗಿ 8,000 ಹರ್ಟ್ಸ್ ಹತ್ತಿರ. ಅದು ಎಲ್ಲಿ ಬರುತ್ತದೆ ಅನ್ನುವುದು ನೀವು ಎಷ್ಟು ಒಳಗೆ ತೂರಿಸಿದ್ದೀರಿ ಅನ್ನುವುದರ ಮೇಲೆ. ಒಳಗೆ ಹೋದಷ್ಟೂ ಅದು ಮೇಲಕ್ಕೆ ಸರಿಯುತ್ತದೆ. ನಿಮ್ಮ ಪುರವಣಿಯಲ್ಲಿ ಹಾಕಿದ್ದ ಆ ಚಂದದ ಗ್ರಾಫುಗಳನ್ನು ಸಾಮಾನ್ಯವಾಗಿ ಅಳೆಯುವುದು ಐಇಸಿ 60318-4 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಲೋಹದ ಕೃತಕ ಕಿವಿಯಲ್ಲಿ. ಅದಕ್ಕೆ ನೋವಾಗುವುದಿಲ್ಲ, ಬೆವರುವುದಿಲ್ಲ, ಕನ್ನಡಕವೂ ಇಲ್ಲ. ಒಂದೇ ಸೆಟ್ಟನ್ನು ನನ್ನ ಗೆಳೆಯ "ಸ, ಶ ಅಕ್ಷರಗಳು ಕತ್ತರಿಸ್ತಾವೆ" ಅಂದ, ನನಗೆ ನುಣ್ಣಗೆ ಕೇಳಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಇನ್ನು ಡ್ರೈವರ್ ಲೆಕ್ಕ. ಲೇಖನದಲ್ಲಿ ಡ್ರೈವರ್ ಜಾಸ್ತಿ ಇದ್ದಷ್ಟೂ ಸ್ಟಾರ್ ಜಾಸ್ತಿ ಇದ್ದಂತೆ ಕಂಡಿತು. ಬಸ್ಸಿಗೆ ನಾಲ್ಕು ಡ್ರೈವರ್ ಇಟ್ಟರೆ ಬೇಗ ಊರು ಸೇರುತ್ತದಾ? ಸೆನ್‌ಹೈಸರ್‌ನ ಐಇ 900 ನೋಡಿ, 2021ರಲ್ಲಿ 1,299 ಡಾಲರಿಗೆ ಬಂದದ್ದು, ಒಂದು ಕಿವಿಗೆ 7 ಮಿಲಿಮೀಟರಿನ ಒಂದೇ ಡ್ರೈವರ್. ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆದ ಮೈ, ಕಿವಿಬಟ್ಟಲಲ್ಲಿ ಮುಳುಗಿಹೋಗುವಷ್ಟು ಚಿಕ್ಕದು, ದಿಂಬಿನ ಮೇಲೆ ಮಗ್ಗುಲಾದರೂ ಅಷ್ಟಾಗಿ ಒತ್ತುವುದಿಲ್ಲ. ಇನ್ನೊಂದು ಕಡೆ ಸೋನಿಯ ಐಇಆರ್-ಝಡ್1ಆರ್. ಅದರಲ್ಲಿ ಮೂರು ಡ್ರೈವರ್: ಬಾಸಿಗೆ 12 ಮಿಲಿಮೀಟರಿನದು, ಮೇಲಿನ ಸ್ವರಕ್ಕೆ ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಬೇರೆ ಜಾತಿಯ ಚಿಕ್ಕ ಡ್ರೈವರ್, ಅದಕ್ಕೂ ಮೇಲಿನದಕ್ಕೆ 5 ಮಿಲಿಮೀಟರಿನ ಪುಟ್ಟದೊಂದು. ಇಷ್ಟೆಲ್ಲ ಹಿಡಿಸಬೇಕಾದರೆ ಮೈ ದೊಡ್ಡದಾಗಲೇಬೇಕು, ಆಗಿದೆ. ಗೆಳೆಯನದನ್ನು ಒಂದು ಮಧ್ಯಾಹ್ನ ಕೇಳಿದೆ. ತಂಬೂರಿಯ ತಂತಿಯ ಜವಾರಿ ಝೇಂಕಾರ ಕೊಠಡಿಯ ತುಂಬ ಹರಡಿದ ಹಾಗೆ ಕೇಳಿತು, ಹೊಟ್ಟೆಕಿಚ್ಚಾಗುವಷ್ಟು. ಆದರೆ ಅವನದು ಅಗಲ ಕಿವಿ. ಚಿಕ್ಕ ಕಿವಿಯವರಿಗೆ ಅದು ಒಗ್ಗುವುದು ಕಷ್ಟ, ಕೊಳ್ಳುವ ಮುಂಚೆ ಹಾಕಿ ನೋಡಲೇಬೇಕಾದ ಜಾತಿ ಅದು. ನಿಮ್ಮ ಲೇಖನದಲ್ಲಿ ಇವೆರಡರ ಕೆಳಗೂ "ಆರಾಮದಾಯಕ" ಅಂತಲೇ ಇತ್ತು.

2013ರ ಶೂರ್ ಎಸ್‌ಇ846 ಇನ್ನೊಂದು ಥರದ ಜಾಣತನ. ಅದರ ನಾಲ್ಕೂ ಡ್ರೈವರ್ ಬ್ಯಾಲೆನ್ಸ್ಡ್ ಆರ್ಮೇಚರ್. ಈ ಜಾತಿಯ ಪುಟ್ಟ ಡ್ರೈವರ್ ಇಯರ್‌ಫೋನಿಗೆ ಬಂದದ್ದು ಕಿವುಡರ ಶ್ರವಣಯಂತ್ರಗಳಿಂದ. ಬಾಸಿನ ದಾರಿಯಲ್ಲಿ ಮೇಲಿನ ಸ್ವರ ನುಸುಳಬಾರದು ಅಂತ ಹತ್ತು ತೆಳು ಸ್ಟೀಲ್ ತಗಡುಗಳನ್ನು ಬೆಸೆದು ಸುರುಳಿ ದಾರಿ ಮಾಡಿದ್ದಾರೆ. ಹಳಬರ ಪೈಕಿ 1991ರ ಎಟಿಮೋಟಿಕ್ ಇಆರ್-4 ಅಂತೂ ಒಂದೇ ಆರ್ಮೇಚರಿನದು. ಮೂರು ಕೊಡೆ ಒಂದರ ಮೇಲೊಂದು ಜೋಡಿಸಿದಂತಿರುವ ರಬ್ಬರ್ ಟಿಪ್, ಕಿವಿ ಮೇಲಕ್ಕೆಳೆದು ತಿರುಗಿಸುತ್ತಾ ನಾಳದ ಎರಡನೆಯ ತಿರುವಿನವರೆಗೆ ತೂರಿಸಬೇಕು. ಮೊದಲ ಸಲ ನನಗೆ ಕಣ್ಣಲ್ಲಿ ನೀರು. ಒಂದು ವಾರ ಸಹಿಸಿದರೆ ಹೊರಗಿನ ಜಗತ್ತು ಮಾಯ, ಬಸ್ ಎಂಜಿನ್ ಸದ್ದು ಪಕ್ಕದ ಬೀದಿಗೆ ಹೋದ ಹಾಗೆ. ಆರಾಮ ಅನ್ನುವ ಪದ ಇದಕ್ಕೆ ಹೊಂದುವುದಿಲ್ಲ, ಒಗ್ಗಿಕೊಳ್ಳುವುದು ಅನ್ನಬೇಕು. ಸೌಂಡ್ ಮಾತ್ರ ಕಟ್ಟುನಿಟ್ಟು ಮೇಷ್ಟ್ರ ಥರ. ಮಲ್ಲಿಕಾರ್ಜುನ ಮನ್ಸೂರರ ಹಳೇ ಧ್ವನಿಮುದ್ರಣ ಹಾಕಿದರೆ ತಾನಿನ ಒಂದೊಂದು ಎಳೆಯೂ ಬಿಡಿಬಿಡಿ, ಟೇಪಿನ ಸೊಂಯ್ ಕೂಡ.

ಆರಾಮ ಅಂದರೆ ಬರೀ ನೋವು ಇಲ್ಲದಿರುವುದಲ್ಲ. ನಾನು ಕನ್ನಡಕದವನು. ದುಬಾರಿ ಸೆಟ್ಟುಗಳ ವೈರ್ ಬಹುತೇಕ ಕಿವಿಯ ಹಿಂದಿನಿಂದ ಸುತ್ತಿ ಬರುತ್ತದೆ. ಕನ್ನಡಕದ ಕಡ್ಡಿಗೂ ಅದೇ ಜಾಗ ಬೇಕು. ಕೆಲವು ವೈರಿನೊಳಗೆ ಬಗ್ಗಿಸಿದಂತೆ ನಿಲ್ಲುವ ತಂತಿ ಇರುತ್ತದೆ, ಅದು ಕಡ್ಡಿಯನ್ನು ಎತ್ತಿ ಎತ್ತಿ ಕನ್ನಡಕ ಮೂಗಿನ ತುದಿಗೆ ಬರುತ್ತದೆ. ವೈರು ಅಂಗಿಗೆ ಉಜ್ಜಿದರೆ ಕಿವಿಯಲ್ಲಿ ಗುಡುಗು. ನಡೆದರೆ ಹೆಜ್ಜೆ ತಲೆಯೊಳಗೇ ಧಪ್ ಧಪ್. ಮಾತಾಡಿದರೆ ಕೊಡದೊಳಗೆ ಬಾಯಿಟ್ಟ ಹಾಗೆ. ನಾಳ ಮುಚ್ಚಿದಾಗ ಎಲುಬಿನಿಂದ ಬಂದ ನಮ್ಮದೇ ಸದ್ದು ಹೊರಗೆ ಹೋಗಲಾಗದೆ ತಮಟೆಗೇ ಬಡಿಯುತ್ತದೆ, ಅದಕ್ಕೆ ಹೀಗೆ. ಒಮ್ಮೆ ಹಾಕಿಕೊಂಡೇ ಗಿರ್ಮಿಟ್ ತಿಂದೆ, ತಲೆಯೊಳಗೆ ರೋಡ್ ರೋಲರ್ ಜಲ್ಲಿ ಮೇಲೆ ಹೋದ ಹಾಗಾಯಿತು. ದವಡೆ ಅಲ್ಲಾಡಿದಾಗ ನಾಳದ ಆಕಾರವೂ ಬದಲಾಗಿ ಸೀಲ್ ಬಿಟ್ಟುಹೋಗುತ್ತದೆ ಅನ್ನುವುದು ಅವತ್ತೇ ಗೊತ್ತಾಗಿದ್ದು. ಇವು ಯಾವುದೂ ಗ್ರಾಫಿನಲ್ಲಿ ಇಲ್ಲ.

ಗುಗ್ಗೆ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ, ತಿಂಡಿ ತಿನ್ನುತ್ತಾ ಪೇಪರ್ ಓದುವವರು ಕ್ಷಮಿಸಿ. ಬಲಗಡೆಯದು ಸಣ್ಣಗೆ ಕೇಳುತ್ತಿದೆ, ಡ್ರೈವರ್ ಹೋಯಿತು ಅಂತ ಒಂದು ತಿಂಗಳು ಕೊರಗಿದ್ದೆ. ಮಗಳು ಟಾರ್ಚ್ ಬಿಟ್ಟು ನೋಡಿ, ಮೂತಿಯ ಜಾಲರಿಯಲ್ಲಿ ಮೇಣ ಕಟ್ಟಿದ್ದನ್ನು ಒಣ ಬ್ರಷ್ಷಿನಿಂದ, ಮೂತಿ ಕೆಳಗೆ ಮಾಡಿ, ಉದುರಿಸಿದಳು. ಸರಿಹೋಯಿತು. ಲಕ್ಷದ ಸೆಟ್ಟಿಗೂ ಈ ಬ್ರಷ್ಷು ಬೇಕೇ ಬೇಕು.

ಸಡಿಲವಾಗಿ ಕೂತ ಇಯರ್‌ಫೋನ್ ಇನ್ನೊಂದು ಕಡೆಯಿಂದಲೂ ಕೆಡುಕು. ಬಾಸ್ ಸೋರಿ, ಹೊರಗಿನ ಗಲಾಟೆ ಒಳಗೆ ಬಂದರೆ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. 90ಕ್ಕೆ ಏರಿಸಿದರೆ ಉಳಿಯುವುದು ಬರೀ ನಾಲ್ಕು ಗಂಟೆ. ಬಸ್ಸಿನಲ್ಲಿ ಬೆಂಗಳೂರಿಗೆ ಒಂದು ಸಲ ಹೋಗುವಷ್ಟರಲ್ಲೇ ವಾರದ ಕೋಟಾ ಮುಗಿಯುತ್ತದೆ. ಸರಿಯಾಗಿ ಕೂತ ಸೆಟ್ಟಿನಲ್ಲಿ ನಾನು ಮೊದಲಿಗಿಂತ ನಾಲ್ಕು ಪಾಯಿಂಟ್ ಕಡಿಮೆ ವಾಲ್ಯೂಮಿನಲ್ಲಿ ಕೇಳುತ್ತಿದ್ದೇನೆ.

ವಾಲ್ಯೂಮ್ ಅಂದಾಗ ನೆನಪಾಯಿತು. ಹೋಲಿಸುವಾಗ ಎರಡೂ ಸೆಟ್ಟಿನ ಸದ್ದು ಸಮ ಮಾಡಿಕೊಂಡಿದ್ದಿರಾ? ಫೋನಿನಲ್ಲಿ ಅದೇ ಪಾಯಿಂಟಿಗೆ ಇಟ್ಟರೆ ಸಮ ಆಗುವುದಿಲ್ಲ, ಒಂದೊಂದರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಕರೆಂಟಿಗೆ ಕೊಡುವ ಸದ್ದು, ಒಂದೊಂದು ಥರ. ತುಸುವೇ ಜೋರಾಗಿರುವುದು ಕಿವಿಗೆ "ಚೆನ್ನಾಗಿದೆ" ಅನ್ನಿಸಿಬಿಡುತ್ತದೆ, ಜೋರಾಗಿದೆ ಅಂತ ಅನ್ನಿಸುವುದೇ ಇಲ್ಲ. ಎಷ್ಟೋ ಸ್ಟಾರುಗಳು ಹೀಗೇ ಹುಟ್ಟಿರುತ್ತವೆ ಅಂತ ನನ್ನ ಗುಮಾನಿ.

ಹಾಕಿ ನೋಡಿ ಕೊಳ್ಳಿ ಅಂತ ಹೇಳುವುದು ಸುಲಭ. ನಮ್ಮೂರಲ್ಲಿ ಈ ಬೆಲೆಯದ್ದನ್ನು ಹಾಕಿ ನೋಡಲು ಎಲ್ಲಿ ಕೊಡುತ್ತಾರೆ? ನಾನು ತರಿಸಿದ ಕಡೆ, ಟಿಪ್ಪು ಕಿವಿಗೆ ಮುಟ್ಟಿದ್ದರೆ ವಾಪಸ್ ಇಲ್ಲ ಅಂದರು. ಅವರದೂ ಸರಿಯೇ, ಇನ್ನೊಬ್ಬರ ಗುಗ್ಗೆ ಯಾರಿಗೆ ಬೇಕು. ಈಗ ನಾನು ಬೆಂಗಳೂರಿನ ಅಂಗಡಿಗೆ ಹೋಗುವಾಗ ನನ್ನ ಅಳತೆಯ ಟಿಪ್ಪುಗಳನ್ನು ಮಾತ್ರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತೇನೆ. ಮೊದಮೊದಲು ನಗುತ್ತಿದ್ದರು, ಈಗ ಅವರೇ ಸ್ಪಿರಿಟ್ ಹತ್ತಿ ಕೊಡುತ್ತಾರೆ. ಅರ್ಧ ಗಂಟೆಗಿಂತ ಕಡಿಮೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಸ್ವಲ್ಪ ನಾಚಿಕೆ ಬಿಟ್ಟು ಕೂರಬೇಕು. ದುಡ್ಡಿದ್ದವರು ಕಿವಿಯ ಅಚ್ಚು ತೆಗೆಸಿ ತಮಗೇ ಅಂತ ಮಾಡಿಸಿಕೊಳ್ಳಬಹುದು. ಶ್ರವಣಯಂತ್ರ ಕೊಡುವವರು ಅಚ್ಚು ತೆಗೆಯುತ್ತಾರೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಯಾವ ಟಿಪ್ ಹಾಕಿ ಕೇಳಿದಿರಿ, ಎಷ್ಟು ಗಂಟೆ, ಕನ್ನಡಕ ಇತ್ತೋ ಇಲ್ಲವೋ ಬರೆಯಿರಿ. ಒಬ್ಬರ ಬದಲು ಮೂವರ ಕಿವಿಗೆ ಹಾಕಿ ನೋಡಿ, ಅದರಲ್ಲಿ ಒಬ್ಬರು ಹೆಂಗಸರಿರಲಿ, ಬಹಳ ಜನ ಹೆಂಗಸರ ಕಿವಿ ಚಿಕ್ಕದು, ಈ ಸೆಟ್ಟುಗಳ ಮೈ ನೋಡಿದರೆ ಅವರನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸುತ್ತದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಅಲ್ಲಿನವರನ್ನು ಒಮ್ಮೆ ಮಾತಾಡಿಸಿದರೆ ನಾನು ಇಲ್ಲಿ ಗೀಚಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿಯಾರು.

ಅಂದಹಾಗೆ ಆ ಐದು ಸ್ಟಾರಿನ ಸೆಟ್ಟನ್ನು ಅರ್ಧ ಬೆಲೆಗೆ ನಮ್ಮ ಓಣಿಯ ಇಂಜಿನಿಯರಿಂಗ್ ಹುಡುಗನಿಗೆ ಕೊಟ್ಟುಬಿಟ್ಟೆ. ಹೆಂಡತಿಗೆ ಅವತ್ತು ಹೇಳಿದ್ದ ಬೆಲೆಯೂ ಅಷ್ಟೇ ಇದ್ದದ್ದರಿಂದ ಮನೆಯಲ್ಲಿ ಲುಕ್ಸಾನು ಲೆಕ್ಕಕ್ಕೆ ಬರಲಿಲ್ಲ. ಈಗ ಈ ಪತ್ರ ಅಚ್ಚಾದರೆ ಬರುತ್ತದೆ. ಮೊನ್ನೆ ಹುಡುಗ ಅದನ್ನೇ ಹಾಕಿಕೊಂಡು ಬಂದು ಗೇಟಿನ ಹತ್ತಿರ ನಿಂತ. ನೋವಾಗಲ್ವೇನೋ ಅಂತ ಸನ್ನೆ ಮಾಡಿದೆ. ಒಂದು ಕಿವಿಯದು ತೆಗೆದು, "ಕಾಕಾ, ಇದನ್ನ ಹಾಕ್ಕೊಂಡ ರಾತ್ರಿ ಮಲಗತೀನ್ರಿ" ಅಂದ.

ನಿಮ್ಮ ಹಳೇ ಓದುಗ,
ಸಪ್ತಾಪುರ, ಧಾರವಾಡ