ಊಟ ಕಟ್ಕೊಂಡು ಗಡಿ ದಾಟೋರೆಲ್ಲ ನಾಲಿಗೆ ಚಪಲಕ್ಕೆ ಹೊರೋದಲ್ಲ

ಮಾನ್ಯ ಸಂಪಾದಕರೇ,

ವಿದೇಶದ ಏರ್‌ಪೋರ್ಟುಗಳಲ್ಲಿ ಪ್ರಯಾಣಿಕರ ಬ್ಯಾಗಿಂದ ತಿನ್ನೋ ಪದಾರ್ಥ ತೆಗೆದು ಎಸೀತಾರೆ, ದಂಡ ಹಾಕ್ತಾರೆ ಅಂತ ನಿಮ್ಮ ಪೇಪರಲ್ಲಿ ಬಂದ ಬರಹ ಓದಿದೆ. ಅದರಲ್ಲಿದ್ದ ಎಚ್ಚರಿಕೆ ಸರಿಯಾಗೇ ಇದೆ. ಆದ್ರೆ ಹೋದ ಕಡೆ ಸಿಗೋದನ್ನ ತಿಂದ್ರೆ ಆಯ್ತಪ್ಪ, ಊಟ ಹೊತ್ಕೊಂಡು ಯಾಕೆ ಹೋಗ್ಬೇಕು ಅನ್ನೋ ಧಾಟಿಯ ಮಾತಿತ್ತಲ್ಲ, ಅದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ, ಅದಕ್ಕೇ ಬರೀತಿದೀನಿ.

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯದಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದ್ರೆ ಅವಳ ದೇಹದ ರೋಗನಿರೋಧಕ ಶಕ್ತಿಯೇ ಅವಳ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತೆ. ಇದನ್ನ ವಾಸಿ ಮಾಡೋ ಮಾತ್ರೆ ಇಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡೋದೊಂದೇ ಚಿಕಿತ್ಸೆ. ಬಿಡೋದು ಅಂದ್ರೆ ಕಮ್ಮಿ ತಿನ್ನೋದಲ್ಲ, ಪೂರ್ತಿ ಬಿಡೋದು. ಗ್ಲುಟೆನ್ ಫ್ರೀ ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕಾದ್ರೆ ಒಂದು ಕೆಜಿ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅನ್ನೋದು ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿದೆ, ಯುರೋಪ್ ಅಮೆರಿಕ ಎರಡೂ ಇದೇ ಮಿತಿ ಇಟ್ಕೊಂಡಿವೆ. 20 ಮಿಲಿಗ್ರಾಂ ಅಂದ್ರೆ ಒಂದು ಚಿಟಿಕೆಗಿಂತಲೂ ಎಷ್ಟೋ ಕಮ್ಮಿ ಪುಡಿ. ಅದೇ ಎಣ್ಣೇಲಿ ಬೇರೇದನ್ನ ಕರಿದಿದ್ರೆ, ಅದೇ ಹಲಗೆ ಮೇಲೆ ಬ್ರೆಡ್ ಕುಯ್ದಿದ್ರೆ ಅಷ್ಟಕ್ಕೇ ಅವಳಿಗೆ ಆ ಊಟ ಮುಗೀತು. ಭಾಷೆ ಗೊತ್ತಿಲ್ಲದ ಊರಿನ ಹೋಟೆಲ್ ಅಡುಗೆಮನೇಲಿ ಇದನ್ನೆಲ್ಲ ಯಾರನ್ನ ಕೇಳೋದು ಹೇಳಿ.

ಅಂಗಡೀಲಿ ಪ್ಯಾಕೆಟ್ ಓದಿ ತಗೊಂಡ್ರೆ ಆಯ್ತಲ್ಲ ಅಂತ ಕೆಲವರು ಅಂತಾರೆ. ಪ್ಯಾಕೆಟ್ ಮೇಲೆ ಏನು ಬರೀಬೇಕು ಅನ್ನೋದೇ ದೇಶದಿಂದ ದೇಶಕ್ಕೆ ಬೇರೆ ಬೇರೆ. ಯುರೋಪಿಯನ್ ಯೂನಿಯನ್‌ನಲ್ಲಿ ಅಲರ್ಜಿ ತರೋ 14 ಪದಾರ್ಥಗಳನ್ನ ಎದ್ದು ಕಾಣೋ ಹಾಗೆ ಬರೀಲೇಬೇಕು, ಅಮೆರಿಕದಲ್ಲಿ 9. ಅಲ್ಲಿ ಎಳ್ಳು ಆ ಪಟ್ಟಿಗೆ ಸೇರಿದ್ದೇ 2023ರ ಜನವರಿಯಿಂದ, ಅಲ್ಲೀವರೆಗೂ ಎಳ್ಳಿನ ಅಲರ್ಜಿ ಇರೋರು ಮಸಾಲೆ ಅಂತ ಮಾತ್ರ ಬರೆದಿರೋ ಪ್ಯಾಕೆಟ್ ನೋಡಿ ಒಳಗೇನಿದೆಯೋ ಅಂತ ಹೆದರ್ಕೊಂಡೇ ತಿನ್ನಬೇಕಿತ್ತು. ಇನ್ನೊಂದು ವಿಷ್ಯ, ಅಮೆರಿಕದ ಆ ಪಟ್ಟೀಲಿ ಗೋಧಿ ಇದೆ ಆದ್ರೆ ಬಾರ್ಲಿ ಮತ್ತೆ ರೈ ಇಲ್ಲ, ಅಂದ್ರೆ ಗೋಧಿ ಇಲ್ಲ ಅಂತ ನೋಡ್ಕೊಂಡು ತಗೊಂಡಿದ್ದರಲ್ಲೂ ಬಾರ್ಲಿಯ ಮಾಲ್ಟ್ ಇರಬಹುದು. ಇಷ್ಟೆಲ್ಲ ಇರುವಾಗ ಹೊಸ ದೇಶದಲ್ಲಿ ಇಳಿದ ಮೊದಲ ದಿನ, ರಾತ್ರಿ ಹೊತ್ತಲ್ಲಿ, ಹಸಿದಿರೋ ಮಗು ಜೊತೆ ನಾನು ಏನು ಓದ್ಕೊಂಡು ನಿಲ್ಲಲಿ. ಅದಕ್ಕೇ ನಮ್ಮಂಥೋರು ಊಟ ಜೊತೇಲಿ ತಗೊಂಡು ಹೋಗೋದು.

ಹಾಗಂತ ಗಡೀಲಿ ಕೂತಿರೋ ಅಧಿಕಾರಿಗಳು ಸುಮ್ನೆ ಕಾಟ ಕೊಡ್ತಾರೆ ಅಂತ ನಾನು ಯಾವತ್ತೂ ಹೇಳಲ್ಲ. 2001ರಲ್ಲಿ ಬ್ರಿಟನ್‌ನಲ್ಲಿ ಕಾಲುಬಾಯಿ ಜ್ವರ ಹರಡಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನ ಕೊಲ್ಲಬೇಕಾಯ್ತು, ಅದರ ಮೂಲ ಅಕ್ರಮವಾಗಿ ಹೊರಗಿಂದ ಬಂದ ಮಾಂಸದ ತ್ಯಾಜ್ಯ ಹಂದಿಗಳ ಮೇವಿಗೆ ಸೇರಿದ್ದು ಅಂತ ನಂಬಲಾಗಿದೆ. ಆಫ್ರಿಕನ್ ಹಂದಿ ಜ್ವರ 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದು ಅಲ್ಲಿಂದ ಹರಡ್ತಾ 2018ರಲ್ಲಿ ಚೀನಾ ಸೇರ್ತು, ಆ ವೈರಸ್ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕಿರುತ್ತೆ. ಖಾಪ್ರಾ ಅನ್ನೋ ಒಂದು ಸಣ್ಣ ಹುಳ ಇದೆ, ಅದರ ಮರಿ ಏನೂ ತಿನ್ನದೇ ವರ್ಷಗಟ್ಟಲೆ ಸಂದೀಲಿ ಅಡಗಿ ಕೂತಿದ್ದು ಆಮೇಲೆ ದಾಸ್ತಾನು ಮಾಡಿದ ಕಾಳುಗಳನ್ನ ಹಾಳು ಮಾಡುತ್ತೆ. ಒಂದು ದೇಶದ ರೈತರ ಬದುಕು ಒಬ್ಬರ ಸೂಟ್‌ಕೇಸಿಂದ ಹಾಳಾಗಬಹುದು ಅನ್ನೋದು ನಿಜವಾದ ಭಯ. ಕಾಯಿಲೆಗೆ ಈ ಊಟ ಬೇಕು ಅಂತ ಬರೆದ ಡಾಕ್ಟರ್ ಲೆಟರ್ ನಮ್ಮ ಕೈಲಿ ಇದೆ ಅಂದ ಮಾತ್ರಕ್ಕೆ ಮಾಂಸದೊಳಗಿನ ವೈರಸ್ ಸಾಯಲ್ಲ.

ಇಲ್ಲೇ ಜನ ಎಡವೋದು. ಏರ್‌ಪೋರ್ಟಲ್ಲಿ ಊಟವನ್ನ ನೋಡೋರು ಒಬ್ಬರೇ ಅಲ್ಲ, ಇಬ್ಬರು, ಮತ್ತೆ ಇಬ್ಬರೂ ಹುಡುಕೋದು ಬೇರೆ ಬೇರೇದನ್ನ. ಹತ್ತೋವಾಗ ಸಿಗೋ ಸೆಕ್ಯುರಿಟಿಯವರಿಗೆ ಭಯ ಸ್ಫೋಟಕದ್ದು, ಇಳಿದ ಮೇಲೆ ಸಿಗೋ ಕ್ವಾರಂಟೈನ್‌ನೋರಿಗೆ ಭಯ ರೋಗ ಮತ್ತೆ ಹುಳದ್ದು. ಡಾಕ್ಟರ್ ಲೆಟರ್ ಕೆಲಸಕ್ಕೆ ಬರೋದು ಹೆಚ್ಚಾಗಿ ಮೊದಲನೆಯವರ ಹತ್ರ. 2006ರ ಆಗಸ್ಟಲ್ಲಿ ಲಂಡನ್‌ನಿಂದ ಹೊರಡೋ ವಿಮಾನಗಳನ್ನ ದ್ರವ ಸ್ಫೋಟಕದಿಂದ ಉಡಾಯಿಸೋ ಸಂಚು ಬಯಲಾದ ಮೇಲೆ ಕ್ಯಾಬಿನ್ ಬ್ಯಾಗಲ್ಲಿ ಯಾವ ದ್ರವವೂ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಇರಬಾರದು ಅನ್ನೋ ರೂಲ್ ಬಂತು, ಆದ್ರೆ ಆ ರೂಲ್ ಒಳಗೇ ಔಷಧಿಗೆ, ಮಕ್ಕಳ ಆಹಾರಕ್ಕೆ, ಪ್ರಯಾಣದಲ್ಲಿ ಬೇಕಾಗೋ ವಿಶೇಷ ಪಥ್ಯದ ಆಹಾರಕ್ಕೆ ವಿನಾಯಿತಿ ಇದೆ. ಅಮೆರಿಕದಲ್ಲಿ ವೈದ್ಯಕೀಯ ಕಾರಣಕ್ಕೆ ಬೇಕಾದ ದ್ರವ 100 ಮಿಲಿಗಿಂತ ಜಾಸ್ತಿ ಇದ್ರೂ ಬೇರೆಯಾಗಿ ತೆಗೆದಿಟ್ಟು ಹೇಳಿದ್ರೆ ಪರೀಕ್ಷೆ ಮಾಡಿ ಬಿಡ್ತಾರೆ, ಅದನ್ನ ತಣ್ಣಗಿಡೋ ಐಸ್ ಪ್ಯಾಕ್ ಅರ್ಧ ಕರಗಿದ್ರೂ ಸರಿ.

ಪೌಡರ್ ವಿಷ್ಯ ಇನ್ನೂ ಕಷ್ಟ. ಪಿಕೆಯು ಅಂತ ಒಂದು ಹುಟ್ಟಿನಿಂದ ಬರೋ ತೊಂದರೆ ಇದೆ, ಅದಿರೋ ಮಕ್ಕಳಿಗೆ ಪ್ರೋಟೀನ್‌ನಲ್ಲಿರೋ ಫಿನೈಲಲನೀನ್ ಅನ್ನೋ ಅಂಶವನ್ನ ಒಡೆಯೋಕೆ ಆಗಲ್ಲ, ಅದು ರಕ್ತದಲ್ಲಿ ಸೇರ್ತಾ ಹೋದ್ರೆ ಮೆದುಳಿಗೇ ಪೆಟ್ಟು. ಹಾಗಾಗಿ ಮಾಂಸ, ಮೊಟ್ಟೆ, ಹಾಲು, ಕಾಳು ಯಾವುದೂ ಅವರಿಗೆ ಆಗಲ್ಲ, ಬದುಕೋದು ಆ ಅಂಶ ತೆಗೆದು ಮಾಡಿರೋ ಒಂದು ಪ್ರೋಟೀನ್ ಪೌಡರ್ ಮೇಲೆ. ದಿನಕ್ಕೆ ಹಲವು ಸಲ ಕುಡೀಬೇಕು, ಒಂದು ದಿನ ಬಿಡ್ತೀನಿ ಅನ್ನೋಕಾಗಲ್ಲ, ಹೋದ ಊರಿನ ಅಂಗಡೀಲಿ ಅದು ಸಿಗೋದೂ ಇಲ್ಲ. ಈಗ 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗೋ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಲ್ಲಿ 350 ಮಿಲಿಲೀಟರಿಗಿಂತ ಜಾಸ್ತಿ ಪೌಡರ್ ಇದ್ರೆ ಹೆಚ್ಚಿನ ತಪಾಸಣೆ, ಅದು ಏನು ಅಂತ ಖಚಿತ ಆಗ್ದಿದ್ರೆ ಕ್ಯಾಬಿನ್ನಿಗೆ ಬಿಡಲ್ಲ. ಆಸ್ಟ್ರೇಲಿಯಾದಲ್ಲೂ ಅದೇ ಸುಮಾರಿಗೆ 350ರ ಮಿತಿ ಬಂತು, ಆದ್ರೆ ಅಲ್ಲಿ ಅದು ಉಪ್ಪಿನಂಥ ಪುಡಿಗಳಿಗೆ, ಹಾಲಿನ ಪುಡಿಯಂಥ ಆಹಾರದ ಪೌಡರಿಗಲ್ಲ. ವೈದ್ಯಕೀಯ ಪೌಡರಿಗೆ ವಿನಾಯಿತಿ ಇದೆ, ನಿಜ. ಆದ್ರೆ ಬಿಳೀ ಪೌಡರ್ ಡಬ್ಬ ಹಿಡ್ಕೊಂಡು ಕ್ಯೂನಲ್ಲಿ ನಿಂತಿರೋ ಆ ತಾಯಿ ತಂದೆಗೆ ವಿನಾಯಿತಿ ಇದೆ ಅಂತ ಮೊದಲೇ ಯಾರು ಹೇಳ್ತಾರೆ, ಎಲ್ಲಾ ಕಡೆ ದೊಡ್ಡದಾಗಿ ಹಾಕಿರೋದು ಏನು ತರಬಾರದು ಅನ್ನೋದು ಮಾತ್ರ. ಅಂಥೋರು ಕಂಪನಿ ಲೇಬಲ್ ಇರೋ ಡಬ್ಬದಲ್ಲೇ ಪೌಡರ್ ಇಡಬೇಕು, ಬೇರೆ ಡಬ್ಬಕ್ಕೆ ಸುರೀಬಾರದು, ಲೆಟರಲ್ಲಿ ದಿನಕ್ಕೆ ಎಷ್ಟು ಬೇಕು ಅಂತ ಗ್ರಾಂ ಲೆಕ್ಕದಲ್ಲಿ ಬರೆಸ್ಕೋಬೇಕು. ಚೆಕ್-ಇನ್ ಬ್ಯಾಗಲ್ಲಿ ಎಲ್ಲಾ ಹಾಕಿದ್ರೆ ಆ ಬ್ಯಾಗ್ ಬರದೇ ಇದ್ರೆ ಗತಿ ಏನು, ಹಾಗಾಗಿ ಎರಡೂ ಕಡೆ ಹಂಚಿಡೋದು ಒಳ್ಳೇದು.

ಇಳಿದ ಮೇಲಿನ ಗಡಿ ಬಗ್ಗೆ ಹೇಳ್ತೀನಿ. ಯುರೋಪಿಯನ್ ಯೂನಿಯನ್ ಒಳಗೆ ಹೊರಗಿನ ಹೆಚ್ಚಿನ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ತರೋ ಹಾಗಿಲ್ಲ. ಆದ್ರೆ ಅದೇ ನಿಯಮದಲ್ಲಿ ವೈದ್ಯಕೀಯ ಕಾರಣಕ್ಕೆ ಬೇಕಾದ ವಿಶೇಷ ಆಹಾರ ಒಬ್ಬರಿಗೆ 2 ಕೆಜಿವರೆಗೂ ತರಬಹುದು ಅಂತ ಇದೆ, ಷರತ್ತು ಏನಂದ್ರೆ ತೆಗೆಯೋವರೆಗೂ ಫ್ರಿಜ್ ಬೇಕಾಗಬಾರದು, ಕಂಪನಿ ಪ್ಯಾಕೆಟ್ ಆಗಿರಬೇಕು, ಸದ್ಯ ಬಳಸ್ತಾ ಇರೋದನ್ನ ಬಿಟ್ಟು ಉಳಿದದ್ದು ಸೀಲ್ ಒಡೆದಿರಬಾರದು. ಇದು ತುಂಬಾ ವಿವೇಕದ ನಿಯಮ ಅಂತ ನನ್ನ ಅಭಿಪ್ರಾಯ, ರೋಗ ತರೋ ಸಾಧ್ಯತೆ ಇರೋದನ್ನೂ ತಡೀತು, ಬೇರೆ ದಾರಿ ಇಲ್ದೋರನ್ನೂ ನೋಡ್ಕೊಂಡ್ತು. ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಕಾಲುಬಾಯಿ ಜ್ವರ ಕಾಣಿಸ್ಕೊಂಡು ಆಮೇಲೆ ಹಂಗೇರಿ, ಸ್ಲೊವಾಕಿಯಾದಲ್ಲೂ ಬಂದಾಗ ಬ್ರಿಟನ್‌ನವರು ಏಪ್ರಿಲ್‌ನಲ್ಲಿ ಯುರೋಪಿಂದ ಮಾಂಸ, ಹಾಲು, ಚೀಸ್ ತರೋದನ್ನೇ ನಿಲ್ಲಿಸಿದ್ರು, ಆ ತುರ್ತಲ್ಲೂ ಮಕ್ಕಳ ಹಾಲಿನ ಪುಡಿ, ವೈದ್ಯಕೀಯ ಆಹಾರಕ್ಕೆ ಸ್ವಲ್ಪ ಪ್ರಮಾಣದಲ್ಲಿ ಅವಕಾಶ ಉಳಿಸಿದ್ರು. ಅಂದ್ರೆ ಮನಸ್ಸಿದ್ರೆ ಮಾಡಬಹುದು. ಇಂಥದ್ದೊಂದು ಸಾಲು ಎಲ್ಲಾ ದೇಶದ ನಿಯಮದಲ್ಲೂ ಬರಲಿ, ಬರೀ ನಿಯಮದ ಪುಸ್ತಕದೊಳಗಲ್ಲ, ವೀಸಾ ಅರ್ಜಿ ಹಾಕೋ ಜಾಗದಲ್ಲಿ, ಟಿಕೆಟ್ ಜೊತೇಲಿ ಬರೋ ಸೂಚನೇಲಿ ಕಾಣೋ ಹಾಗೆ ಬರಲಿ ಅನ್ನೋದೇ ನನ್ನ ಒತ್ತಾಯ.

ಯಾಕಂದ್ರೆ ಗ್ಲುಟೆನ್ ಬಿಟ್ಟೋರು ಹೊರೋ ಪದಾರ್ಥಗಳೇ ಕೆಲವು ಕಡೆ ನಿಷೇಧದ ಪಟ್ಟೀಲಿರ್ತವೆ. ಗೋಧಿ ಇಲ್ಲ ಅಂದ್ರೆ ಉಳಿಯೋದೇನು, ಅಕ್ಕಿ, ಕಡಲೆ, ಬೇಳೆಕಾಳು. ಖಾಪ್ರಾ ಹುಳದ ಕಾರಣಕ್ಕೆ ಆಸ್ಟ್ರೇಲಿಯಾದವರು 2020ರ ಅಕ್ಟೋಬರಿಂದ ಪ್ರಯಾಣಿಕರ ಬ್ಯಾಗಲ್ಲಿ ಅಕ್ಕಿ, ಕಡಲೆ, ಮಸೂರದಂಥ ಕಾಳುಗಳನ್ನ ತರೋದನ್ನೇ ನಿಲ್ಲಿಸಿದ್ದಾರೆ. ಹಸಿ ಕಾಳು ಬೇರೆ, ಕಾರ್ಖಾನೇಲಿ ಬೇಯಿಸಿ ಸೀಲ್ ಮಾಡಿ ಬಂದಿದ್ದು ಬೇರೆ, ಈ ವ್ಯತ್ಯಾಸ ತಿಳ್ಕೊಂಡು ಪ್ಯಾಕ್ ಮಾಡಿದ್ರೆ ಅರ್ಧ ತಲೆನೋವು ಕಮ್ಮಿ. ತಾಜಾ ಹಣ್ಣು, ಬಿತ್ತಿದ್ರೆ ಮೊಳೆಯೋ ಬೀಜ, ಮನೇಲಿ ಮಾಡಿದ ಮಾಂಸದ ಅಥವಾ ಹಾಲಿನ ಪದಾರ್ಥ, ಜೇನುತುಪ್ಪ ಇವು ಹಲವು ಕಡೆ ಅನುಮಾನಕ್ಕೆ ಸಿಗೋವು. ಬೀಜ ಇರೋ ಬ್ರೆಡ್ ತಗೊಂಡು ಹೋಗೋರು ಗಸಗಸೆ ಇದೆಯಾ ನೋಡ್ಕೊಳ್ಳಿ, ಯುಎಇ, ಸಿಂಗಾಪುರ ಎರಡೂ ಕಡೆ ಅದು ಮಾದಕ ವಸ್ತು ಕಾನೂನಿನ ಅಡಿಯಲ್ಲಿ ಬರುತ್ತೆ.

ಎಲ್ಲಕ್ಕಿಂತ ಮುಖ್ಯ ಬಚ್ಚಿಡಬೇಡಿ. ನ್ಯೂಜಿಲೆಂಡಲ್ಲಿ ಹೇಳದೇ ತಂದಿದ್ದು ಸಿಕ್ಕಿದ್ರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ, ಆದ್ರೆ ಏನೇನು ತಂದಿದೀರಿ ಅಂತ ಕೇಳೋ ಫಾರಂನಲ್ಲಿ ಹೌದು ಅಂತ ಬರೆದು ತೋರಿಸಿದ್ದಕ್ಕೆ ದಂಡ ಇಲ್ಲ, ಹೆಚ್ಚಂದ್ರೆ ಆ ಪದಾರ್ಥ ತಗೋತಾರೆ. 2019ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ಒಬ್ಬ ಪ್ರವಾಸಿ ಹಂದಿ ಮಾಂಸ ಮತ್ತೆ ಇನ್ನೂ ಏನೇನೋ ಹೇಳದೇ ತಂದಿದ್ದಕ್ಕೆ ವೀಸಾನೇ ರದ್ದಾಯ್ತು. 2018ರಲ್ಲಿ ಅಮೆರಿಕಕ್ಕೆ ಬಂದ ಪ್ರಯಾಣಿಕರೊಬ್ಬರಿಗೆ ವಿಮಾನದಲ್ಲೇ ಕೊಟ್ಟಿದ್ದ ಸೇಬನ್ನ ಬ್ಯಾಗಲ್ಲಿ ಇಟ್ಕೊಂಡು ಇಳಿದಿದ್ದಕ್ಕೆ 500 ಡಾಲರ್ ದಂಡ ಬಿತ್ತು. ವಿಮಾನದ ಊಟ ಉಳಿದ್ರೆ ಅಲ್ಲೇ ಬಿಟ್ಟು ಇಳೀರಿ. ಅನುಮಾನ ಇದ್ರೆ ಹೌದು ಅಂತ ಟಿಕ್ ಮಾಡಿ, ಪಥ್ಯದ ಆಹಾರ ಎಲ್ಲಾ ಒಂದೇ ಪಾರದರ್ಶಕ ಚೀಲದಲ್ಲಿಟ್ಟು ಲೇಬಲ್ ಮೇಲೆ ಕಾಣೋ ಹಾಗೆ ಕೊಡಿ, ಅವರಿಗೂ ಬೇಗ ಮುಗಿಯುತ್ತೆ.

ವಿಮಾನದಲ್ಲೇ ವಿಶೇಷ ಊಟ ಕೊಡ್ತಾರಲ್ಲ ಅನ್ನೋ ಪ್ರಶ್ನೆಗೂ ಉತ್ತರ ಹೇಳ್ಬಿಡ್ತೀನಿ. ಗ್ಲುಟೆನ್ ಇಲ್ಲದ ಊಟಕ್ಕೆ ಜಿಎಫ್ಎಂಎಲ್, ಸಕ್ಕರೆ ಕಾಯಿಲೆಯವರದ್ದಕ್ಕೆ ಡಿಬಿಎಂಎಲ್ ಅಂತ ಕೋಡ್‌ಗಳಿವೆ, ಮೊದಲೇ ಬುಕ್ ಮಾಡ್ಬೇಕು. ಅದು ಊಟ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಅಲ್ಲ, ವಿಮಾನ ಬದಲಾದ್ರೆ, ಮಧ್ಯದ ಏರ್‌ಪೋರ್ಟಲ್ಲಿ ರಾತ್ರಿ ಸಿಕ್ಕಾಕ್ಕೊಂಡ್ರೆ ಆ ಊಟ ಬರೋದಿಲ್ಲ. ಧರ್ಮದ ಕಾರಣಕ್ಕೆ, ಪ್ರಾಣಿ ಹಿಂಸೆ ಬೇಡ ಅಂತ ಪಥ್ಯ ಮಾಡೋರಿಗೂ ಇದೇ ಪಾಡು, ಅವರದ್ದು ಕಾಯಿಲೆ ಅಲ್ಲ ಅಂತ ಹಗುರ ಮಾಡೋಕೆ ನನಗೆ ಇಷ್ಟ ಇಲ್ಲ.

ಕೊನೇದಾಗಿ ಒಂದು ಮಾತು, ಇದು ಯಾವ ಪಟ್ಟೀಲೂ ಇಲ್ಲ. ಒಂದು ಏರ್‌ಪೋರ್ಟಲ್ಲಿ ತಪಾಸಣೆ ಮಾಡೋರು ನಮ್ಮ ಮುಂದಿನವರ ಬ್ರೆಡ್ ಪೊಟ್ಟಣ ಬಿಚ್ಚಿ ನೋಡಿ, ಅದೇ ಗ್ಲೌಸಲ್ಲಿ ನನ್ನ ಮಗಳ ಡಬ್ಬದೊಳಗೆ ಕೈ ಹಾಕಿ ಪದರ ಪದರ ಎತ್ತಿ ನೋಡಿದ್ರು. ನಾವು ಎಲ್ಲಾ ಹೇಳಿದ್ವಿ, ಎಲ್ಲಾ ತೋರಿಸಿದ್ವಿ, ಅವರು ಏನನ್ನೂ ಎಸೀಲಿಲ್ಲ, ನಗ್ತಾನೇ ವಾಪಸ್ ಕೊಟ್ರು, ಆದ್ರೆ ಆ ಡಬ್ಬದಲ್ಲಿದ್ದದ್ದು ಅವಳು ತಿನ್ನೋ ಹಾಗಿರಲಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ ಅಷ್ಟೇ, ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ಪಥ್ಯದ ಆಹಾರ ಮುಟ್ಟೋ ಮುಂಚೆ ಗ್ಲೌಸ್ ಬದಲಿಸಿ, ಆದಷ್ಟೂ ಪ್ರಯಾಣಿಕರ ಕೈಯಿಂದಲೇ ಬಿಚ್ಚಿಸಿ ನೋಡಿ ಅಂತ ಟ್ರೇನಿಂಗಲ್ಲಿ ಒಂದು ಸಾಲು ಸೇರಿಸೋದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ನೀವೂ ಮುಂದಿನ ಸಲ ದಂಡದ ಸುದ್ದಿ ಹಾಕುವಾಗ ಪಕ್ಕದಲ್ಲೇ ಏನಕ್ಕೆಲ್ಲ ವಿನಾಯಿತಿ ಇದೆ ಅನ್ನೋದನ್ನೂ ಒಂದು ಬಾಕ್ಸಲ್ಲಿ ಹಾಕಿ.

ಇಂತಿ,
ಸೀಲಿಯಾಕ್ ಇರೋ ಹುಡುಗಿಯ ತಾಯಿ