ನೀರು ಸುಡ್ತಿದೆ ಕಣೋ

ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಚರ್ಚಿನ ಪ್ರಸಂಗದ ಧಾಟಿ ಬಂದುಬಿಡುತ್ತಿತ್ತು, ಎರಡು ಸಲ ಹರಿದು ಹಾಕಿದೆ. 'ಪ್ರಾರ್ಥನೆಗೆ ಕೂತರೆ ಮನಸ್ಸು ಬತ್ತಿದ ಬಾವಿ, ದೇವರ ಮೇಲೆ ಪ್ರೀತಿ ಅನ್ನೋದೇ ಹುಟ್ಟುತ್ತಿಲ್ಲ' ಅಂತ ಎರಡು ಪುಟ ಬರೆದಿದ್ದೀಯ. ಕೊನೆಗೆ, ಹೇಳಲೇಬೇಕಾದ ಸುದ್ದಿಯೇನಲ್ಲ ಅನ್ನುವ ಹಾಗೆ, ಪಕ್ಕದ ಮನೆಯ ಅಜ್ಜಿಗೆ ಕಣ್ಣು ಮಂಜಾಗಿರುವುದರಿಂದ ದಿನಾ ಸಂಜೆ ಹೋಗಿ ಅವರ ಮಗನ ಹಳೇ ಪತ್ರಗಳನ್ನು ಓದಿ ಹೇಳ್ತೀನಿ ಅಂತ ಒಂದೇ ಒಂದು ಸಾಲು. ಆ ಎರಡು ಪುಟಕ್ಕೆ ಉತ್ತರ ಈ ಸಾಲಿನಲ್ಲೇ ಇತ್ತಲ್ಲೋ!

ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅಂತ ಬೈಬಲಿನಲ್ಲಿ ಯೋಹಾನ ತನ್ನ ಮೊದಲ ಪತ್ರದಲ್ಲಿ ಬರೆದದ್ದು ನಿನಗೆ ಬಾಯಿಪಾಠ. ನನ್ನನ್ನು ಹೆಚ್ಚು ಕಾಡುವುದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಹಸಿದವನಿಗೆ ಊಟ ಕೊಟ್ಟವರು, ಸೆರೆಮನೆಗೆ ಹೋಗಿ ನೋಡಿಬಂದವರು ಕಡೆಯ ತೀರ್ಪಿನ ದಿನ, 'ಅದನ್ನು ನನಗೇ ಮಾಡಿದಿರಿ' ಅನ್ನುವ ಅರಸನ ಮುಂದೆ ನಿಂತು ಏನಂತಾರೆ? 'ಸ್ವಾಮೀ, ನಿನ್ನನ್ನು ನಾವು ಯಾವಾಗ ನೋಡಿದೆವು?' ಅವರಿಗೆ ಗೊತ್ತೇ ಇರಲಿಲ್ಲ! ಎದುರಿಗಿದ್ದವನ ಹಸಿವು ಕಂಡಿತ್ತು, ಅಷ್ಟೆ. ಇವನಿಗೆ ಕೊಟ್ಟರೆ ದೇವರಿಗೆ ಕೊಟ್ಟ ಲೆಕ್ಕ ಅಂತ ಕೂಡಿ ಕಳೆದವರಲ್ಲ.

ನಾನು ಕೂಡಿ ಕಳೆದವನೇ. ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ಅವರ ಕಾಲು ತೊಳೆಯುತ್ತಿದ್ದೆ. ಬೇಸಿನ್, ಟವೆಲ್, ಮಂಡಿಯೂರಿ ಕೂತ ನಾನು. ಶಿಷ್ಯರ ಪಾದ ತೊಳೆದ ಯೇಸುವಿನ ಚಿತ್ರ ತಲೆಯಲ್ಲಿ ತುಂಬಿಕೊಂಡು ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದೆ. ದೊಡ್ಡಪ್ಪ ಕಾಲು ಎಳೆದುಕೊಂಡರು: 'ಪ್ರಾರ್ಥನೆ ಆಮೇಲೆ ಮಾಡು ಮಾರಾಯ, ನೀರು ಸುಡ್ತಿದೆ.' ನೋಡಿದರೆ ಹಿಮ್ಮಡಿ ಕೆಂಪಗಾಗಿತ್ತು. ನನ್ನ ಭಕ್ತಿಗೆ ಅವರ ಕಾಲು ಬರೀ ಮೆಟ್ಟಿಲಾಗಿತ್ತು. ತಣ್ಣೀರು ಬೆರೆಸಿ, ಬೆರಳಿನ ಸಂದಿಯೆಲ್ಲ ಒರೆಸಿ ಮುಗಿಸುವವರೆಗೆ ಮತ್ತೆ ದೇವರ ನೆನಪೇ ಬರಲಿಲ್ಲ. ಅವತ್ತು ನಾನು ಮಾಡಿದ ನಿಜವಾದ ಪ್ರಾರ್ಥನೆ ಬಹುಶಃ ಅದೊಂದೇ.

ಅಂದಹಾಗೆ, ಯೇಸು ಶಿಷ್ಯರ ಪಾದ ತೊಳೆದ ಆ ರಾತ್ರಿ, ಆ ಶಿಷ್ಯರಲ್ಲಿ ಅವನನ್ನು ಹಿಡಿದುಕೊಟ್ಟ ಯೂದನೂ ಇದ್ದ. ಅವನು ಎದ್ದು ಹೊರಗೆ ಹೋದದ್ದು ಆಮೇಲೆ. ಇದನ್ನು ಓದಿದಾಗಲೆಲ್ಲ ನನಗೆ ಮುಜುಗರ. ದೊಡ್ಡಪ್ಪನಂಥವರ ಕಾಲು ತೊಳೆಯೋದು ಸುಲಭ ಕಣೋ, ನನ್ನನ್ನು ಎತ್ತಿ ಆಡಿಸಿದವರು. ನನಗೆ ಕಷ್ಟ ನಮ್ಮಣ್ಣ. ಆಸ್ತಿ ಪಾಲಿನ ದಿನ ಆಡಿದ ಮಾತಿಗೆ ಎರಡು ವರ್ಷದಿಂದ ಮಾತುಕತೆ ಇಲ್ಲ. ಯಾರದು ತಪ್ಪು ಅಂತ ಕೇಳಬೇಡ, ನನ್ನ ಪ್ರಕಾರ ಈಗಲೂ ಅವನದೇ. ಆದರೆ ಮತ್ತಾಯ 5 ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು ಅನ್ನುತ್ತದೆ. ದೇವರು ಕಾಯುತ್ತಾನಂತೆ!

ಈ ವಾರ ಮೂರು ಸಲ ಅಣ್ಣನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನ್ ಈಗಲೂ ಪಕ್ಕದಲ್ಲೇ ಇದೆ. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ಅಜ್ಜಿಯನ್ನು ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ